ಫಿಜಿ ಸೆವೆನ್ಸ್: ಚೆಂಡು ಕೈಯಲ್ಲಿಲ್ಲದ ಹೊತ್ತಿನ ಲೆಕ್ಕ

2013ರ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್ ಸೆವೆನ್ಸ್ (ಏಳು ಜನರ ರಗ್ಬಿ) ಫೈನಲ್‌ನಲ್ಲಿ ಫಿಜಿ ತಂಡ ವೇಲ್ಸ್ ಎದುರು 0-19ರಷ್ಟು ಹಿಂದೆ ಬಿದ್ದಿತ್ತು. ಅಲ್ಲಿಂದ ಎದ್ದು 26-19ರಲ್ಲಿ ಗೆದ್ದಿತು. ಮೂರು ತಿಂಗಳು ಕಳೆದ ಮೇಲೆ ಮಾಸ್ಕೋದ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಅದೇ ಫಿಜಿ ನ್ಯೂಜಿಲೆಂಡ್ ಎದುರು ಒಂದೂ ಅಂಕ ಗಳಿಸದೆ ಹೊರಬಿತ್ತು. ಮೂರು ವರ್ಷಗಳ ನಂತರ, 2016ರ ಆಗಸ್ಟ್ 11ರಂದು, ರಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಗ್ರೇಟ್ ಬ್ರಿಟನ್ ವಿರುದ್ಧ 43-7ರ ಗೆಲುವು. ಫಿಜಿಗೆ ಯಾವುದೇ ಕ್ರೀಡೆಯಲ್ಲಿ ಸಿಕ್ಕ ಮೊದಲ ಒಲಿಂಪಿಕ್ ಪದಕ ಅದು.

ಮಾಸ್ಕೋ ಮತ್ತು ರಿಯೊ ನಡುವಿನ ಈ ಮೂರು ವರ್ಷಗಳೇ ಇಲ್ಲಿನ ಪ್ರಕರಣ. ಫಿಜಿಯ ಆಟಗಾರರಿಗೆ ಓಡಲು, ಪಾಸ್ ಮಾಡಲು ಯಾರೂ ಕಲಿಸಬೇಕಾಗಿರಲಿಲ್ಲ. ತಂಡ ಸೋಲುತ್ತಿದ್ದದ್ದು ಚೆಂಡು ಕೈಯಲ್ಲಿ ಇಲ್ಲದಾಗ: ಮರುಆರಂಭದ ಕಿಕ್‌ನಲ್ಲಿ, ಕೊನೆಯ ಮೂರು ನಿಮಿಷದ ಉಸಿರಿನಲ್ಲಿ, ಕಾರ್ಡ್‌ಗಳಲ್ಲಿ, ಮೈದಾನದ ಹೊರಗಿನ ಆಯ್ಕೆ ಮತ್ತು ಹಣದ ವ್ಯವಹಾರದಲ್ಲಿ. ಸರಿಪಡಿಸಿದ್ದೂ ಬಹುಪಾಲು ಅದನ್ನೇ.

ಹಿನ್ನೆಲೆ

ಪೆಸಿಫಿಕ್‌ನ 300ಕ್ಕೂ ಹೆಚ್ಚು ದ್ವೀಪಗಳಲ್ಲಿ ಹರಡಿರುವ ಫಿಜಿಯ ಜನಸಂಖ್ಯೆ ಸುಮಾರು 9 ಲಕ್ಷ, ಹೆಚ್ಚುಕಡಿಮೆ ಮೈಸೂರು ನಗರದಷ್ಟು. ರಗ್ಬಿ ಒಕ್ಕೂಟ ಹುಟ್ಟಿದ್ದು 1913ರಲ್ಲಿ. ಮೊದಲ ಅಂತರರಾಷ್ಟ್ರೀಯ ಪಂದ್ಯ 1924ರ ಆಗಸ್ಟ್‌ನಲ್ಲಿ ಸಮೋವಾದ ಏಪಿಯಾದಲ್ಲಿ ಬೆಳಿಗ್ಗೆ 7 ಗಂಟೆಗೆ ನಡೆಯಿತು, ಏಕೆಂದರೆ ಸಮೋವಾದ ಆಟಗಾರರು ಆಮೇಲೆ ಕೆಲಸಕ್ಕೆ ಹೋಗಬೇಕಿತ್ತು. ಮೈದಾನದ ನಡುವೆ ಒಂದು ಮರವೂ ಇತ್ತು. ಫಿಜಿ 6-0ರಿಂದ ಗೆದ್ದಿತು. ಆ ದೇಶದ ಹದಿನೈದು ಜನರ ರಗ್ಬಿಯ ಕತೆ ಬೇರೆಯೇ ಇದೆ. ಇಲ್ಲಿ ಏಳು ಜನರ ಆಟವನ್ನಷ್ಟೇ ನೋಡೋಣ.

ಸೆವೆನ್ಸ್ ಹುಟ್ಟಿದ್ದು 1883ರಲ್ಲಿ ಸ್ಕಾಟ್ಲೆಂಡ್‌ನ ಮೆಲ್ರೋಸ್‌ನಲ್ಲಿ. ಅದಕ್ಕೆ ಅಂತರರಾಷ್ಟ್ರೀಯ ವೇದಿಕೆ ಸಿಕ್ಕಿದ್ದು 1976ರಲ್ಲಿ ಶುರುವಾದ ಹಾಂಗ್‌ಕಾಂಗ್ ಟೂರ್ನಿಯಿಂದ. ಮರುವರ್ಷ, 1977ರಲ್ಲೇ, ಫಿಜಿ ಅಲ್ಲಿ ಕಪ್ ಗೆದ್ದಿತು, 1978ರಲ್ಲಿ ಮತ್ತೆ. 1990ರಿಂದ 1992ರವರೆಗೆ ಸತತ ಮೂರು ಬಾರಿ. ವೈಸಾಲೆ ಸೆರೇವಿ ಎಂಬ ಆಟಗಾರನ ಹೆಸರು ಜಗತ್ತಿಗೆ ಪರಿಚಯವಾದದ್ದು ಆ ಹೊತ್ತಿನಲ್ಲೇ. 1997ರ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 24-21, 2005ರ ವಿಶ್ವಕಪ್ ಫೈನಲ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 29-19. ಎರಡೂ ಹಾಂಗ್‌ಕಾಂಗ್‌ನಲ್ಲೇ, ಎರಡರಲ್ಲೂ ಸೆರೇವಿ ಇದ್ದರು.

ಒಂದು ವಾರಾಂತ್ಯ ಮಿಂಚುವುದು ಬೇರೆ, ಇಡೀ ಋತು ನಿಲ್ಲುವುದು ಬೇರೆ. 1999-2000ರಲ್ಲಿ ವಿಶ್ವ ಸೆವೆನ್ಸ್ ಸರಣಿ ಆರಂಭವಾಯಿತು. ಹಲವು ದೇಶಗಳಲ್ಲಿ ಟೂರ್ನಿ, ಪ್ರತಿ ಟೂರ್ನಿಗೂ ಅಂಕ, ಕೊನೆಗೆ ಒಟ್ಟು ಲೆಕ್ಕ. ಮೊದಲ ಆರು ವರ್ಷ ಪ್ರಶಸ್ತಿ ನ್ಯೂಜಿಲೆಂಡ್‌ಗೇ ಹೋಯಿತು. ಫಿಜಿ ಅದನ್ನು ತಡೆದದ್ದು 2005-06ರಲ್ಲಿ, ಸೆರೇವಿ ಆಟಗಾರನೂ ಕೋಚ್ ಆಗಿಯೂ ಇದ್ದಾಗ. ಆಮೇಲೆ ಎಂಟು ಋತು ಬರಗಾಲ. 2009ರ ದುಬೈ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್‌ನಲ್ಲಿ ಕೀನ್ಯಾ ಎದುರು ಸೋಲು. ಅದೇ ವರ್ಷ ಕಾಮನ್‌ವೆಲ್ತ್‌ನಿಂದ ದೇಶವೇ ಅಮಾನತಾದದ್ದರಿಂದ 2010ರ ದೆಹಲಿ ಕ್ರೀಡಾಕೂಟಕ್ಕೆ ಬರಲಾಗಲಿಲ್ಲ. ಭಾರತದ ಪ್ರೇಕ್ಷಕರಿಗೆ ದೊಡ್ಡ ಸೆವೆನ್ಸ್ ಟೂರ್ನಿಯೊಂದನ್ನು ಮನೆಯಂಗಳದಲ್ಲಿ ನೋಡುವ ಅವಕಾಶ ಸಿಕ್ಕಾಗ ಈ ಆಟದ ಅತ್ಯಂತ ನೋಡಬೇಕಾದ ತಂಡವೇ ಇರಲಿಲ್ಲ.

2009ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, 2016ರಿಂದ ರಗ್ಬಿ ಸೆವೆನ್ಸ್ ಇರಲಿದೆ ಎಂದು ತೀರ್ಮಾನಿಸಿತು. ಅಲ್ಲಿಂದ ಮುಂದೆ ಇಂಗ್ಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದಂಥ ದೇಶಗಳು ಸೆವೆನ್ಸ್‌ಗೆಂದೇ ವರ್ಷಪೂರ್ತಿ ಸಂಬಳದ ಆಟಗಾರರನ್ನು ಇಟ್ಟುಕೊಳ್ಳತೊಡಗಿದವು. ಹುಟ್ಟು ಪ್ರತಿಭೆಯನ್ನು ನೆಚ್ಚಿಕೊಂಡ ತಂಡಕ್ಕೆ ಇದು ಕೆಟ್ಟ ಸುದ್ದಿ.

ಹದಿನಾಲ್ಕು ನಿಮಿಷ ಎಲ್ಲಿ ಹೋಗುತ್ತದೆ

ಹದಿನೈದು ಜನರ ಆಟಕ್ಕಿರುವ ಅದೇ ಮೈದಾನದಲ್ಲಿ, ಎಂದರೆ 100 ಮೀಟರ್ ಉದ್ದ, 70 ಮೀಟರ್ ಅಗಲದ ಜಾಗದಲ್ಲಿ, ಏಳೇಳು ಜನ ಆಡುತ್ತಾರೆ. ಏಳು ನಿಮಿಷದ ಎರಡು ಅವಧಿ, ನಡುವೆ ಎರಡು ನಿಮಿಷದ ವಿರಾಮ. ಟ್ರೈಗೆ, ಅಂದರೆ ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿದ್ದಕ್ಕೆ, 5 ಅಂಕ; ಅದರ ಬೆನ್ನಿಗೆ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2. ಕನ್ವರ್ಷನ್ ಅನ್ನು ಡ್ರಾಪ್ ಕಿಕ್‌ನಲ್ಲೇ (ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದೊಡನೆ ಒದೆಯುವುದು) ಹೊಡೆಯಬೇಕು. ಸ್ಕ್ರಮ್‌ಗೆ, ಅಂದರೆ ಎರಡೂ ತಂಡದವರು ತಲೆ ಬಾಗಿಸಿ ಚೆಂಡಿಗಾಗಿ ತಳ್ಳಾಡುವಾಗ, ಒಂದೊಂದು ಕಡೆಯಿಂದ ಮೂವರು. ಹಳದಿ ಕಾರ್ಡ್ ಸಿಕ್ಕರೆ ಎರಡು ನಿಮಿಷ ಹೊರಗೆ: ಪಂದ್ಯದ ಏಳನೇ ಒಂದು ಭಾಗ ಆರು ಜನರ ಆಟ. ಆ ಎರಡು ನಿಮಿಷದಲ್ಲಿ ಎರಡು ಟ್ರೈ ಬಿಟ್ಟುಕೊಡುವುದು ಅಪರೂಪವೇನಲ್ಲ.

ಎಲ್ಲಕ್ಕಿಂತ ಮುಖ್ಯ ನಿಯಮ ಇನ್ನೊಂದಿದೆ. ಹದಿನೈದು ಜನರ ರಗ್ಬಿಯಲ್ಲಿ ಅಂಕ ಕಳೆದುಕೊಂಡವರು ಮರುಆರಂಭದ ಕಿಕ್ ಹೊಡೆಯುತ್ತಾರೆ. ಸೆವೆನ್ಸ್‌ನಲ್ಲಿ ಅಂಕ ಗಳಿಸಿದವರೇ ಹೊಡೆಯಬೇಕು. ಅಂದರೆ ಟ್ರೈ ಮಾಡಿದ ಕೂಡಲೇ ಚೆಂಡನ್ನು ಎದುರಾಳಿಗೆ ಒದ್ದು ಕೊಡುವ ಸರದಿ ನಿಮ್ಮದು. ಆ ಕಿಕ್ ಅನ್ನು ನೀವೇ ಹಿಡಿದರೆ ಎದುರಾಳಿಗೆ ಚೆಂಡು ಮುಟ್ಟುವ ಅವಕಾಶವೇ ಇಲ್ಲ, ಮತ್ತೊಂದು ಟ್ರೈ. ಟ್ರೈ, ಕನ್ವರ್ಷನ್, ಜಾಗಕ್ಕೆ ಮರಳುವುದು ಸೇರಿ ಒಂದು ನಿಮಿಷ ಹತ್ತಿರ ಕಳೆದುಹೋಗುವ ಆಟದಲ್ಲಿ, ಸಾಲಾಗಿ ಎರಡು ಕಿಕ್ ಕೈಬಿಟ್ಟ ತಂಡ ಅರ್ಧ ಅವಧಿಯನ್ನು ನಿಂತು ನೋಡುವುದರಲ್ಲೇ ಕಳೆಯುತ್ತದೆ. ಕೌಶಲದಲ್ಲಿ ಮುಂದಿರುವ ತಂಡವೂ ಹೀಗೆ ಸೋಲಬಹುದು.

ಈ ಕಿಕ್ ಅನ್ನು ಹತ್ತಿರದಿಂದ ನೋಡಬೇಕು. ಹೊಡೆಯುವವನು ಮಧ್ಯಬಿಂದುವಿನಿಂದ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದ ಕ್ಷಣಕ್ಕೇ ಒದೆಯುತ್ತಾನೆ. ಚೆಂಡು ಕನಿಷ್ಠ 10 ಮೀಟರ್ ದಾಟಬೇಕು. ಗುರಿ ಸಾಮಾನ್ಯವಾಗಿ 10 ಮೀಟರ್ ಗೆರೆಯಿಂದ ಮೂರ್ನಾಲ್ಕು ಮೀಟರ್ ಆಚೆ, ಬದಿಯ ಗೆರೆಗೆ ಹತ್ತಿರ. ಹಿಂದಿನಿಂದ ಓಡಿಬರುವ ಆಟಗಾರ ಆ ಜಾಗ ತಲುಪಲು ಎರಡೂವರೆಯಿಂದ ಮೂರು ಸೆಕೆಂಡ್ ಬೇಕು. ಮೂರು ಸೆಕೆಂಡ್ ಗಾಳಿಯಲ್ಲಿ ಇರಬೇಕಾದರೆ ಚೆಂಡು ಸುಮಾರು 11 ಮೀಟರ್ ಎತ್ತರಕ್ಕೆ ಏರಬೇಕು. ಮೊದಲನೆಯವನು ಜಿಗಿದು ಹಿಡಿಯುತ್ತಾನೆ, ಆಗದಿದ್ದರೆ ಅಂಗೈಯಿಂದ ಹಿಂದಕ್ಕೆ ತಟ್ಟುತ್ತಾನೆ. ಎರಡನೆಯವನು ಅವನ ಬೆನ್ನ ಹಿಂದೆ ಎರಡು-ಮೂರು ಮೀಟರ್ ದೂರದಲ್ಲಿ ಆ ತಟ್ಟಿದ ಚೆಂಡಿಗೇ ಕಾದಿರುತ್ತಾನೆ. ಮೂರನೆಯವನು ಒಳಬದಿಯನ್ನು ಕಾಯುತ್ತಾನೆ. ಒಬ್ಬ ಕೊನೆಯಲ್ಲಿ ಸ್ವೀಪರ್, ಎಲ್ಲರ ಹಿಂದೆ ನಿಂತು ಕಾಯುವವನು.

ಕೆಡುವುದು ನಾಲ್ಕು ರೀತಿ. ಕಿಕ್ 10 ಮೀಟರ್ ಮುಟ್ಟದಿದ್ದರೆ ಮಧ್ಯದಲ್ಲೇ ಎದುರಾಳಿಗೆ ಫ್ರೀ ಕಿಕ್. ತೀರಾ ಉದ್ದ ಹೋದರೆ ಎದುರಾಳಿ ನಿರಾಳವಾಗಿ ಹಿಡಿದು ಆಟ ಶುರುಮಾಡುತ್ತಾನೆ. ಓಡುವವನು ಕಿಕ್‌ಗಿಂತ ಅರ್ಧ ಹೆಜ್ಜೆ ಮುಂದಾದರೂ ತಪ್ಪು. ಗಾಳಿಯಲ್ಲಿರುವ ಎದುರಾಳಿಯನ್ನು ತಾಗಿ ಬೀಳಿಸಿದರೆ ಪೆನಾಲ್ಟಿ, ಬಹಳ ಸಲ ಹಳದಿ ಕಾರ್ಡ್ ಸಮೇತ. ಸುಸ್ತಾದಾಗ ಈ ನಾಲ್ಕೂ ಒಟ್ಟಿಗೆ ಬರುತ್ತವೆ. ಕಾಲಿನಲ್ಲಿ ಬಲವಿಲ್ಲದೆ ಹೊಡೆದ ಕಿಕ್ ಎತ್ತರ ಏರುವುದಿಲ್ಲ, ಏದುಸಿರು ಬಿಡುತ್ತಿರುವವನು ತಡವಾಗಿ ಬಂದು ಎದುರಾಳಿಯ ಮೈಮೇಲೆ ಬೀಳುತ್ತಾನೆ. ದೈಹಿಕ ಕ್ಷಮತೆ, ಶಿಸ್ತು, ಮರುಆರಂಭ ಎಂದು ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಂಡರೂ ಮೈದಾನದಲ್ಲಿ ಅವು ಒಂದೇ ಕಾಯಿಲೆ.

2013ರ ಸೆಪ್ಟೆಂಬರ್

ಆಗ ಕೋಚ್ ಆಗಿ ಬಂದವರು ಬೆನ್ ರಯಾನ್. 2007ರಿಂದ 2013ರವರೆಗೆ ಇಂಗ್ಲೆಂಡ್ ಸೆವೆನ್ಸ್ ತಂಡದ ಕೋಚ್ ಆಗಿದ್ದವರು. ಫಿಜಿ ಕೆಲಸಕ್ಕೆ ಒಪ್ಪುತ್ತೀರಾ ಎಂದು ಕೇಳಿದಾಗ ಉತ್ತರಿಸಲು ಅವರಿಗೆ ಸಿಕ್ಕಿದ್ದು 20 ನಿಮಿಷ ಎಂಬುದು ಅವರೇ ಹಲವು ಕಡೆ ಹೇಳಿರುವ ಮಾತು. ಬಂದ ಮೇಲೆ ಮೊದಲ ಕೆಲವು ತಿಂಗಳು ಸಂಬಳವೇ ಬರಲಿಲ್ಲ. ಒಕ್ಕೂಟದ ಖಜಾನೆ ಅಷ್ಟು ಬರಿದಾಗಿತ್ತು. 2014ರಲ್ಲಿ ಅಂತರರಾಷ್ಟ್ರೀಯ ರಗ್ಬಿ ಮಂಡಳಿ, ಆಡಳಿತ ಮತ್ತು ಹಣಕಾಸಿನ ನಿರ್ವಹಣೆ ಸರಿಯಿಲ್ಲವೆಂದು ಫಿಜಿಗೆ ಕೊಡುತ್ತಿದ್ದ ಅನುದಾನವನ್ನೂ ತಡೆಹಿಡಿಯಿತು.

ಆಟಗಾರರ ಮೂಲವೂ ಬೇರೆ ದೇಶಗಳಂತಲ್ಲ. ಊರೂರಿನ ತಂಡಗಳು, ಪೊಲೀಸ್ ಮತ್ತು ಸೇನಾ ತಂಡಗಳು, ರಾಜಧಾನಿ ಸುವಾದ ಮಾರಿಸ್ಟ್ ಸೆವೆನ್ಸ್, ಸಿಗಟೋಕಾದ ಕೋರಲ್ ಕೋಸ್ಟ್ ಸೆವೆನ್ಸ್‌ನಂಥ ದೇಶೀಯ ಟೂರ್ನಿಗಳು: ಇವೇ ಆಯ್ಕೆಯ ಕಣ. ಪ್ರತಿಭೆ ಹುಡುಕಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬಹುಶಃ ಇಲ್ಲ. ಆದರೆ ವಾರಾಂತ್ಯದ ಟೂರ್ನಿಯಲ್ಲಿ ಮಿಂಚಿದವನು ಸೋಮವಾರ ಶಿಬಿರಕ್ಕೆ ಬಂದಾಗ ಅವನ ಉಸಿರು ಎಷ್ಟು, ಊಟ ಏನು, ಗಾಯ ಯಾವುದು ಎಂಬುದು ಯಾರ ಕಡತದಲ್ಲೂ ಇರುವುದಿಲ್ಲ. ಯಾರ ಊರಿನ ಹುಡುಗ, ಯಾವ ಕ್ಲಬ್‌ನವನು ಎಂಬ ಒತ್ತಡವೂ ಆಯ್ಕೆಯೊಳಗೆ ನುಸುಳುತ್ತದೆ. ನಮ್ಮ ರಾಜ್ಯ ತಂಡಗಳ ಆಯ್ಕೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಏನು ಮುಟ್ಟಿದರು, ಏನು ಮುಟ್ಟಲಿಲ್ಲ

ಮುಟ್ಟದೆ ಬಿಟ್ಟದ್ದರಿಂದ ಶುರುಮಾಡುವುದು ಒಳ್ಳೆಯದು: ಆಫ್‌ಲೋಡ್. ಎದುರಾಳಿ ಟ್ಯಾಕಲ್ ಮಾಡಿ ಬೀಳಿಸುತ್ತಿರುವಾಗಲೇ, ಮಂಡಿ ನೆಲ ಮುಟ್ಟುವ ಮೊದಲು, ತೋಳನ್ನು ಅವನ ಹಿಡಿತದಿಂದಾಚೆ ಚಾಚಿ ಪಕ್ಕದವನಿಗೆ ಚೆಂಡು ದಾಟಿಸುವುದು. ಯುರೋಪಿನ ಕೋಚ್‌ಗಳು ಇದನ್ನು ಅಪಾಯವೆಂದು ಹತ್ತಿಕ್ಕುವುದೇ ಹೆಚ್ಚು. ಆದರೆ ಏಳು ಜನರ ಆಟದಲ್ಲಿ ಇದರ ಲೆಕ್ಕ ಬೇರೆ. ಆಟಗಾರ ಬಿದ್ದು ರಕ್ (ನೆಲದ ಚೆಂಡಿನ ಮೇಲೆ ಎರಡೂ ಕಡೆಯವರು ತಳ್ಳಾಡುವುದು) ಆಯಿತೆಂದರೆ ಅದನ್ನು ಕಾಯಲು ನಿಮ್ಮ ಒಬ್ಬಿಬ್ಬರು ಹೋಗಬೇಕು, ಅಷ್ಟರಲ್ಲಿ ಎದುರಾಳಿಯ ಸಾಲು ಮತ್ತೆ ಜೋಡಿಸಿಕೊಳ್ಳುತ್ತದೆ. ಆಫ್‌ಲೋಡ್ ಆದರೆ ಟ್ಯಾಕಲ್ ಮಾಡಿದವನು ನೆಲದಲ್ಲಿ, ಉಳಿದವರು 70 ಮೀಟರ್ ಅಗಲದಲ್ಲಿ ಚದುರಿದ್ದಾರೆ. ಸ್ವೀಪರ್ ಒಬ್ಬನೇ ಇಬ್ಬರನ್ನು ಎದುರಿಸಬೇಕು. ಕಬಡ್ಡಿಯಲ್ಲಿ ರೈಡರ್ ಹಿಡಿತಕ್ಕೆ ಸಿಕ್ಕ ಮೇಲೂ ಗೆರೆಯತ್ತ ಕೈ ಚಾಚುವ ಹಾಗೆ. ಸಿಕ್ಕಿಬಿದ್ದ ಕ್ಷಣವೇ ಅಂಕದ ಕ್ಷಣ.

ಆಫ್‌ಲೋಡ್ ಕೆಡುವುದು ಕೊಡುವವನಿಂದ ಅನ್ನುವುದಕ್ಕಿಂತ ತೆಗೆದುಕೊಳ್ಳುವವನಿಂದ. ಬೆಂಬಲಕ್ಕೆ ಬರುವವನು ತೀರಾ ಸಮಸಾಲಿನಲ್ಲಿದ್ದರೆ ಚೆಂಡು ಅವನ ಹಿಂದೆ ಬೀಳುತ್ತದೆ. ತೀರಾ ಹಿಂದಿದ್ದರೆ ಕೊಡುವವನ ಕಣ್ಣಿಗೆ ಕಾಣುವುದೇ ಇಲ್ಲ. ಬೇಕಾದದ್ದು ಒಂದೆರಡು ಮೀಟರ್ ಹಿಂದೆ, ಎರಡೂ ಭುಜಗಳ ಬದಿಗೆ ಒಬ್ಬೊಬ್ಬರು. ಹನ್ನೆರಡನೇ ನಿಮಿಷದಲ್ಲೂ ಇಬ್ಬರು ಅಲ್ಲಿ ಇರಬೇಕೆಂದರೆ ಅವರ ಕಾಲಲ್ಲಿ ಓಟ ಉಳಿದಿರಬೇಕು. ಆದ್ದರಿಂದ ಫಿಜಿಯ ಆಟವನ್ನು ಉಳಿಸಿಕೊಳ್ಳುವ ದಾರಿ ಎಂದರೆ ಕ್ಷಮತೆಯನ್ನು ಹೆಚ್ಚಿಸುವುದೇ ಆಗಿತ್ತು.

ಆ ಕೆಲಸ ವಹಿಸಿಕೊಂಡವರು ಫಿಜಿಯವರೇ ಆದ ದೈಹಿಕ ತರಬೇತುದಾರ ನಾಥಾ ಥವನಿಂಬುಕಾ. ಅಭ್ಯಾಸದ ಹೆಸರುವಾಸಿ ಜಾಗ ಸಿಗಟೋಕಾ ಮರಳುದಿಬ್ಬಗಳು. ವಿಟಿ ಲೆವು ದ್ವೀಪದ ದಕ್ಷಿಣ ಕರಾವಳಿಯ ಈ ದಿಬ್ಬಗಳು ದೇಶದ ಮೊದಲ ರಾಷ್ಟ್ರೀಯ ಉದ್ಯಾನವೂ ಹೌದು. ಕೆಲವು 60 ಮೀಟರ್‌ವರೆಗೆ ಏರುತ್ತವೆ. ಕಡಿದಾದ ಮರಳಲ್ಲಿ ಪ್ರತಿ ಹೆಜ್ಜೆಯೂ ಅರ್ಧ ಹಿಂದಕ್ಕೆ ಜಾರುತ್ತದೆ. ತೊಡೆ, ಪೃಷ್ಠ ಮತ್ತು ಮೀನಖಂಡದ ಸ್ನಾಯುಗಳು ಹೆಚ್ಚು ದುಡಿಯುತ್ತವೆ, ಆದರೆ ಗಟ್ಟಿ ನೆಲದಲ್ಲಿ ಮಂಡಿಗೆ ಬೀಳುವ ಪೆಟ್ಟು ಇಲ್ಲ. ಖರ್ಚೂ ಇಲ್ಲ, ಅದು ಆ ಹೊತ್ತಿನ ಫಿಜಿಗೆ ಸಣ್ಣ ಮಾತಲ್ಲ. ಅಪಾಯವಿರುವುದು ಹಿಮ್ಮಡಿಯ ಸ್ನಾಯುರಜ್ಜುವಿಗೆ: ಮರಳಲ್ಲಿ ಹಿಮ್ಮಡಿ ಹೂತುಹೋಗುವುದರಿಂದ ಅದು ಅತಿಯಾಗಿ ಎಳೆಯುತ್ತದೆ. ಟೂರ್ನಿಗೆ ಹೊರಡುವ ವಾರದಲ್ಲಿ ಮರಳು ಹತ್ತಿಸಿದರೆ ಆಟಗಾರ ವಿಮಾನ ಹತ್ತುವಾಗಲೇ ಕುಂಟುತ್ತಾನೆ. ಇಂಥ ಅಭ್ಯಾಸವನ್ನು ಟೂರ್ನಿಗಳ ನಡುವಿನ ಬಿಡುವಿನ ವಾರಗಳಿಗೆ ಇಟ್ಟು, ಕೊನೆಯ ಹತ್ತು ದಿನ ಹುಲ್ಲಿನ ಮೇಲೆ ಚಿಕ್ಕ ಚಿಕ್ಕ ಓಟಕ್ಕೆ ಇಳಿಸುವುದು ಸೆವೆನ್ಸ್ ತರಬೇತಿಯ ಸರಿಯಾದ ಕ್ರಮ.

ಒಂದು ಪಂದ್ಯದಲ್ಲಿ ಸೆವೆನ್ಸ್ ಆಟಗಾರ ಓಡುವುದು ಸುಮಾರು ಒಂದೂವರೆ ಕಿಲೋಮೀಟರ್. ಕೇಳಲು ಕಡಿಮೆ. ಅದರಲ್ಲಿ ಗಣನೀಯ ಪಾಲು ಅತಿ ವೇಗದ ಓಟ, ನಡುವೆ ನೆಲಕ್ಕೆ ಬಿದ್ದು ಏಳುವುದು, ಕುಸ್ತಿ. ಆ ವರ್ಷಗಳ ಸರಣಿಯ ಟೂರ್ನಿಯಲ್ಲಿ ಇದು ಎರಡು ದಿನದಲ್ಲಿ ಆರು ಬಾರಿ, ಪಂದ್ಯದ ನಡುವೆ ಮೂರು ಗಂಟೆಯ ಬಿಡುವು. ಎರಡನೇ ದಿನದ ಫೈನಲ್ ಗೆಲ್ಲುವುದು ಆ ಬಿಡುವಿನಲ್ಲಿ ಏನು ತಿಂದರು, ಎಷ್ಟು ಬೇಗ ಮೈ ತಣಿಸಿದರು ಎಂಬುದರ ಮೇಲೆ. ಊಟದ ಬದಲಾವಣೆಗೆ ಅದಕ್ಕೇ ಅಷ್ಟು ತೂಕ. ಮರಗೆಣಸು, ಕೆಸುವಿನ ಗಡ್ಡೆ, ಮೀನು ಇವೆಲ್ಲ ಫಿಜಿಯ ಮನೆಯೂಟ. ಆಟಗಾರನಿಗೆ ಇವುಗಳಿಂದ ತೊಂದರೆಯಿಲ್ಲ. ತೊಂದರೆ ಇದ್ದದ್ದು ಸಕ್ಕರೆಯಲ್ಲಿ: ತಂಪು ಪಾನೀಯ, ಬಿಸ್ಕತ್ತು, ಸಕ್ಕರೆ ಸುರಿದ ಚಹಾ. ಸಕ್ಕರೆ ತಿಂದ ಗಂಟೆಗೆ ಬರುವ ಜೊಂಪು ಸರಿಯಾಗಿ ಮುಂದಿನ ಪಂದ್ಯದ ಹೊತ್ತಿಗೆ ಬಂದು ಕೂರುತ್ತದೆ. ರಯಾನ್ ಮೊದಲು ಕತ್ತರಿ ಹಾಕಿದ್ದು ಇದಕ್ಕೆ.

ಬೆಳಿಗ್ಗೆ-ಸಂಜೆಯ ಪ್ರಾರ್ಥನೆ, ಒಟ್ಟಾಗಿ ಹಾಡುವುದು ತಂಡದ ದಿನಚರಿಯಲ್ಲಿ ಹಾಗೇ ಉಳಿದವು. ಹೊರಗಿನಿಂದ ಬಂದ ಕೋಚ್‌ಗಳು ಇಂಥದ್ದನ್ನು ಸಮಯದ ದಂಡ ಎಂದುಕೊಂಡು ಎಡವುತ್ತಾರೆ. ಸಮಯಪಾಲನೆಯ ವಿಷಯದಲ್ಲಿ ಮಾತ್ರ ರಯಾನ್ ಬಿಗಿಯಾಗಿದ್ದರು.

ಫಲ ಬೇಗ ಕಂಡಿತು. ಬಂದ ಮೂರನೇ ತಿಂಗಳಲ್ಲೇ ದುಬೈ ಟೂರ್ನಿ ಗೆಲುವು, ದಕ್ಷಿಣ ಆಫ್ರಿಕಾ ವಿರುದ್ಧ 29-17. 2014ರಲ್ಲಿ ಟೋಕಿಯೊದಲ್ಲೂ ಗೆಲುವು. ಸಮಿಸೋನಿ ವಿರಿವಿರಿ ಆ ವರ್ಷದ ವಿಶ್ವದ ಶ್ರೇಷ್ಠ ಸೆವೆನ್ಸ್ ಆಟಗಾರ. 2014-15ರಲ್ಲಿ ಗೋಲ್ಡ್ ಕೋಸ್ಟ್, ಲಾಸ್ ವೇಗಸ್, ಹಾಂಗ್‌ಕಾಂಗ್, ಗ್ಲಾಸ್ಗೋ ಟೂರ್ನಿಗಳನ್ನು ಗೆದ್ದು, ಒಂಬತ್ತು ವರ್ಷದ ನಂತರ ಸರಣಿ ಪ್ರಶಸ್ತಿ ಫಿಜಿಗೆ ಮರಳಿತು. ಅದರೊಡನೆ ರಿಯೊ ಟಿಕೆಟ್ ಕೂಡ. 2015-16ರಲ್ಲಿ ಮತ್ತೆ ಸರಣಿ ಕಪ್.

ಆ ಎರಡನೇ ಋತುವಿನ ನಡುವೆ, 2016ರ ಫೆಬ್ರವರಿ 20ರಂದು, ವಿನ್‌ಸ್ಟನ್ ಚಂಡಮಾರುತ ಬಡಿಯಿತು. ಐದನೇ ದರ್ಜೆಯ ಚಂಡಮಾರುತ. 44 ಜನ ಸತ್ತರು, ಸಾವಿರಾರು ಮನೆಗಳು ನೆಲಸಮವಾದವು. ಎರಡು ವಾರದ ಬಳಿಕ ಲಾಸ್ ವೇಗಸ್ ಫೈನಲ್. ವಿರಾಮದ ಹೊತ್ತಿಗೆ ಆಸ್ಟ್ರೇಲಿಯಾ 15-0 ಮುಂದು. ಎರಡನೇ ಅವಧಿಯಲ್ಲಿ ಫಿಜಿ ಮೂರು ಟ್ರೈ ಮಾಡಿ, ಮೂರನ್ನೂ ಕನ್ವರ್ಟ್ ಮಾಡಿ 21-15ರಲ್ಲಿ ಗೆದ್ದಿತು. ಭಾವುಕ ವರದಿಗಳು ಇದನ್ನು ಮನೋಬಲದ ಗೆಲುವು ಎಂದವು. ಇರಬಹುದು. ಕೊನೆಯ ಏಳು ನಿಮಿಷದಲ್ಲಿ ಎದುರಾಳಿಯನ್ನು ಒಂದೂ ಅಂಕ ಗಳಿಸಲು ಬಿಡದಿರುವುದು ಮನೋಬಲ ಒಂದರಿಂದಲೇ ಆಗುವ ಕೆಲಸವಲ್ಲ ಎಂಬುದು ನಮ್ಮ ಅಭಿಪ್ರಾಯ.

ಹೇನ್ ಮತ್ತು ನಕರಾವಾ: ಹನ್ನೆರಡು ಜಾಗ

ಒಲಿಂಪಿಕ್ ತಂಡಕ್ಕೆ ಹನ್ನೆರಡೇ ಜನ. ಈ ಪ್ರಕರಣದಲ್ಲಿ ಅತಿ ಹೆಚ್ಚು ಕಲಿಯಲು ಸಿಗುವುದು ಈ ಆಯ್ಕೆಯಲ್ಲೇ.

2016ರ ಮೇ ತಿಂಗಳಲ್ಲಿ ಜ್ಯಾರಿಡ್ ಹೇನ್, ಅಮೆರಿಕದ ಫುಟ್‌ಬಾಲ್ ತಂಡ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಬಿಟ್ಟು ಫಿಜಿ ಸೆವೆನ್ಸ್ ಸೇರಿದರು. ತಂದೆಯ ಕಡೆಯಿಂದ ಫಿಜಿ ಮೂಲ, ಆಸ್ಟ್ರೇಲಿಯಾದ ರಗ್ಬಿ ಲೀಗ್‌ನ ದೊಡ್ಡ ತಾರೆ. ಪ್ರಚಾರಕ್ಕೆ, ಪ್ರಾಯೋಜಕರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಲಂಡನ್ ಟೂರ್ನಿಯಲ್ಲಿ ಆಡಿಸಿ ನೋಡಿದರು. ಆದರೆ ಎರಡು-ಮೂರು ತಿಂಗಳಲ್ಲಿ ಸೆವೆನ್ಸ್‌ಗೆ ಬೇಕಾದ ಉಸಿರು ಕಟ್ಟಿಕೊಳ್ಳಲಾಗುವುದಿಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕೆಲವೇ ಸೆಕೆಂಡಿನ ಓಟ, ಆಮೇಲೆ ವಿಶ್ರಾಂತಿ. ಇಲ್ಲಿ ವಿಶ್ರಾಂತಿಯೆಂಬುದೇ ಇಲ್ಲ. ರಿಯೊ ಪಟ್ಟಿಯಲ್ಲಿ ಹೇನ್ ಹೆಸರು ಇರಲಿಲ್ಲ.

ಇನ್ನೊಂದೆಡೆ, ಹದಿನೈದು ಜನರ ರಗ್ಬಿಯಲ್ಲಿ ಹೆಸರು ಮಾಡಿ ಸ್ಕಾಟ್ಲೆಂಡ್‌ನ ಗ್ಲಾಸ್ಗೋ ವಾರಿಯರ್ಸ್‌ನಲ್ಲಿದ್ದ ಲಿಯೋನೆ ನಕರಾವಾ ಪಟ್ಟಿಯಲ್ಲಿದ್ದರು. 1.98 ಮೀಟರ್ ಎತ್ತರದ ಆಳು. ಮೇಲೆ ವಿವರಿಸಿದ ಮರುಆರಂಭದ ಕಿಕ್ ಅನ್ನು ನೆನಪಿಸಿಕೊಂಡರೆ ಕಾರಣ ಹೊಳೆಯುತ್ತದೆ: 11 ಮೀಟರ್ ಏರಿ ಇಳಿಯುವ ಚೆಂಡಿಗೆ ಎಲ್ಲರಿಗಿಂತ ಮೇಲೆ ಎಟುಕುವ ಕೈ ಅವರದು, ಒಂದೇ ಕೈಯಲ್ಲಿ ಚೆಂಡು ಹಿಡಿದು ಆಫ್‌ಲೋಡ್ ಮಾಡುವ ಅಂಗೈಯೂ ಅದೇ. ವಿಲಿಯಮೆ ಮಾತಾ ಕೂಡ ಅಂಥದೇ ಎತ್ತರ. ಫ್ರಾನ್ಸ್‌ನ ಟೂಲೋನ್‌ನಿಂದ ಜೋಸುವಾ ಟುಯಿಸೋವಾ ಬಂದರು. ನಾಯಕ ಓಸಿಯಾ ಕೊಲಿನಿಸಾವು. ಆಟ ಕಟ್ಟುವ ಜವಾಬ್ದಾರಿ ಜೆರ್ರಿ ಟುವಾಯಿ ಎಂಬ ಕುಳ್ಳ ಆಟಗಾರನದು. ಸುವಾ ಹತ್ತಿರದ ಬಡ ಬಡಾವಣೆಯಿಂದ ಬಂದ ಟುವಾಯಿ ಸರಣಿಗೆ ಕಾಲಿಟ್ಟಿದ್ದೇ 2014ರಲ್ಲಿ, ಇಪ್ಪತ್ತೈದು ದಾಟಿದ ಮೇಲೆ.

ರಿಯೊ, ಆಗಸ್ಟ್ 9ರಿಂದ 11

ಒಲಿಂಪಿಕ್ಸ್‌ನಲ್ಲಿ ಮೂರು ದಿನ, ದಿನಕ್ಕೆ ಎರಡು ಪಂದ್ಯ. ಬ್ರೆಜಿಲ್ ವಿರುದ್ಧ 40-12, ಅರ್ಜೆಂಟೀನಾ ವಿರುದ್ಧ 21-14, ಅಮೆರಿಕ ವಿರುದ್ಧ 24-19. ಗುಂಪಿನ ಪಂದ್ಯಗಳು ಎಷ್ಟು ಬಿಗಿಯಾಗಿದ್ದವು ಎಂಬುದು ಫೈನಲ್‌ನ ಅಂಕ ನೋಡಿದವರಿಗೆ ಮರೆತೇಹೋಗುತ್ತದೆ. ಅಮೆರಿಕ ಪಂದ್ಯಕ್ಕೆ ಇನ್ನೊಂದು ಎಳೆ ಇದೆ. ನ್ಯೂಜಿಲೆಂಡ್ ಮೊದಲ ದಿನವೇ ಜಪಾನ್‌ಗೆ 12-14ರಲ್ಲಿ ಸೋತು, ಅದರ ತಾರೆ ಸೋನಿ ಬಿಲ್ ವಿಲಿಯಮ್ಸ್ ಹಿಮ್ಮಡಿ ಗಾಯದಿಂದ ಹೊರಬಿದ್ದು, ಗುಂಪಿನಲ್ಲಿ ಮೂರನೆಯದಾಗಿತ್ತು. ಕ್ವಾರ್ಟರ್ ಫೈನಲ್‌ನ ಕೊನೆಯ ಜಾಗಕ್ಕೆ ಅಂಕಗಳ ಅಂತರದಲ್ಲಿ ಅದು ಅಮೆರಿಕವನ್ನು ಹಿಂದಿಕ್ಕಿದ್ದು ಒಂದೇ ಅಂಕದಿಂದ. ಫಿಜಿ ವಿರುದ್ಧ ಅಮೆರಿಕ ಇನ್ನೊಂದು ಕನ್ವರ್ಷನ್ ಹೊಡೆದಿದ್ದರೆ ನ್ಯೂಜಿಲೆಂಡ್ ಅಂದೇ ಮನೆಗೆ ಹೋಗುತ್ತಿತ್ತು. ಹೋಗಲಿಲ್ಲ, ಅದೇ ಸಂಜೆ ಫಿಜಿಗೆ ಎದುರಾಯಿತು.

12-7. ಟೂರ್ನಿಯಲ್ಲಿ ಫಿಜಿ ನಿಜವಾಗಿ ಸೋಲಿನ ಅಂಚಿಗೆ ಬಂದದ್ದು ಈ ಪಂದ್ಯದಲ್ಲಿ. ಎರಡು ಟ್ರೈ, ಒಂದು ಕನ್ವರ್ಷನ್, ಉಳಿದದ್ದೆಲ್ಲ ರಕ್ಷಣೆ. ಹಳೆಯ ಫಿಜಿ 35 ಅಂಕ ಗಳಿಸಿ ಗೆಲ್ಲಬಲ್ಲ ತಂಡವಾಗಿತ್ತು; 12 ಅಂಕ ಗಳಿಸಿ, ಅದನ್ನು ಕಾದುಕೊಂಡು ಗೆಲ್ಲುವುದು ಅದರ ಅಭ್ಯಾಸವಾಗಿರಲಿಲ್ಲ. ಮೂರು ವರ್ಷದ ಕೆಲಸದ ನಿಜವಾದ ಪರೀಕ್ಷೆ ಎಂದು ಒಂದು ಪಂದ್ಯವನ್ನು ತೋರಿಸಬೇಕಾದರೆ, ಫೈನಲ್‌ಗಿಂತ ಇದನ್ನೇ ತೋರಿಸಬೇಕು.

ಸೆಮಿಫೈನಲ್‌ನಲ್ಲಿ ಜಪಾನ್ ವಿರುದ್ಧ 20-5. ಫೈನಲ್ ಎದುರಾಳಿ ಗ್ರೇಟ್ ಬ್ರಿಟನ್, ಅದರಲ್ಲಿ ಹಲವರು ರಯಾನ್ ಇಂಗ್ಲೆಂಡ್‌ನಲ್ಲಿ ಬೆಳೆಸಿದವರು. ಮೊದಲ ಟ್ರೈ ನಾಯಕ ಕೊಲಿನಿಸಾವುದು. ಆಮೇಲೆ ಟುವಾಯಿ, ಜಾಸಾ ವೆರೆಮಲುವಾ, ನಕರಾವಾ, ವಾಟೆಮೊ ರವೌವೌ. ವಿರಾಮಕ್ಕೆ 29-0. ಬ್ರಿಟನ್‌ಗೆ ಚೆಂಡು ಸಿಕ್ಕಿದ್ದೇ ಅಪರೂಪ. ಟ್ರೈ, ಕಿಕ್, ಮತ್ತೆ ಫಿಜಿ ಕೈಗೆ ಚೆಂಡು, ಮತ್ತೆ ಟ್ರೈ: ಸೆವೆನ್ಸ್‌ನ ಆ ವಿಚಿತ್ರ ನಿಯಮ ಒಂದು ತಂಡದ ಕೈಯಲ್ಲಿ ಏನಾಗಬಲ್ಲದು ಎಂದು ತಿಳಿಯಲು ಈ ಅರ್ಧ ಪಂದ್ಯವನ್ನು ಕೋಚ್‌ಗಳು ಇನ್ನೂ ಹಾಕಿ ತೋರಿಸಬಹುದು. ಎರಡನೇ ಅವಧಿಯಲ್ಲಿ ಟುಯಿಸೋವಾ ಮತ್ತು ಮಾತಾ. ಏಳು ಟ್ರೈ, ಏಳು ಬೇರೆ ಬೇರೆ ಆಟಗಾರರಿಂದ.

ಫಿಜಿಯಲ್ಲಿ ಆಗಸ್ಟ್ 22 ಸಾರ್ವತ್ರಿಕ ರಜೆಯಾಯಿತು. 2017ರಲ್ಲಿ ಫಿಜಿಯ ರಿಸರ್ವ್ ಬ್ಯಾಂಕ್ 7 ಡಾಲರ್‌ನ ನೋಟು ಹೊರಡಿಸಿತು. ಅದರ ಮೇಲೆ ಕೊಲಿನಿಸಾವು, ತಂಡ, ರಯಾನ್. ಸೆರುವಾ ಪ್ರಾಂತ್ಯದವರು ರಯಾನ್‌ಗೆ ಮುಖ್ಯಸ್ಥನ ಬಿರುದು ಕೊಟ್ಟು ಮೂರು ಎಕರೆ ಜಮೀನನ್ನೂ ಕೊಟ್ಟರು.

ಇಲ್ಲಿ ಕನ್ನಡಿಗರಿಗೆ ಸಂಬಂಧಿಸಿದ ಒಂದು ಅಡಿಟಿಪ್ಪಣಿ. ಫಿಜಿಯ ಮೊದಲ ಒಲಿಂಪಿಕ್ ಪದಕ ರಿಯೊದ್ದಾದರೂ, ಪ್ಯಾರಾಲಿಂಪಿಕ್ಸ್‌ನಲ್ಲಿ ಅದಕ್ಕೂ ಮುಂಚೆಯೇ ಚಿನ್ನ ಬಂದಿತ್ತು. 2012ರ ಲಂಡನ್‌ನಲ್ಲಿ ಎತ್ತರ ಜಿಗಿತದಲ್ಲಿ ಇಲಿಯೇಸಾ ಡೆಲಾನಾ ಗೆದ್ದದ್ದು. ಅವರಷ್ಟೇ ಎತ್ತರ, 1.74 ಮೀಟರ್, ಜಿಗಿದೂ ವಿಫಲ ಯತ್ನಗಳ ಲೆಕ್ಕದಲ್ಲಿ ಬೆಳ್ಳಿಗೆ ತೃಪ್ತಿಪಟ್ಟವರು ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ.

ಚಿನ್ನದ ನಂತರ

ರಿಯೊ ಮುಗಿಯುತ್ತಲೇ ರಯಾನ್ ಹೊರಟರು. ಆಟಗಾರರೂ ಹೊರಟರು: ಮಾತಾ ಎಡಿನ್‌ಬರ್ಗ್‌ಗೆ, ನಕರಾವಾ ಪ್ಯಾರಿಸ್‌ನ ರೇಸಿಂಗ್ 92ಕ್ಕೆ. ಒಲಿಂಪಿಕ್ ಚಿನ್ನ ಎಂದರೆ ಯುರೋಪಿನ ಕ್ಲಬ್‌ಗಳಿಗೆ ಒಂದು ಬೆಲೆಪಟ್ಟಿ ಇದ್ದಂತೆ, ಇದನ್ನು ತಡೆಯುವ ಹಣ ಫಿಜಿಯಲ್ಲಿಲ್ಲ. ಆದರೂ ಮುಂದೆ ಬಂದ ವೇಲ್ಸ್‌ನ ಗ್ಯಾರೆತ್ ಬೇಬರ್ ಕಾಲದಲ್ಲಿ ತಂಡ ಕುಸಿಯಲಿಲ್ಲ. ಹಾಂಗ್‌ಕಾಂಗ್ ಕಪ್ 2015ರಿಂದ 2019ರವರೆಗೆ ಸತತ ಐದು ವರ್ಷ, 2018-19ರ ಸರಣಿ, ಟುವಾಯಿಗೆ 2019ರ ವಿಶ್ವದ ಶ್ರೇಷ್ಠ ಆಟಗಾರ ಗೌರವ.

ಟೋಕಿಯೊ ಒಲಿಂಪಿಕ್ಸ್‌ಗೆ ಮೊದಲು, 2021ರ ಏಪ್ರಿಲ್‌ನಲ್ಲಿ ಕೋವಿಡ್ ನಿರ್ಬಂಧಗಳು ಬಿಗಿಯಾದಾಗ ತಂಡ ಶಿಬಿರದಲ್ಲಿತ್ತು. ಅಲ್ಲಿಂದ ತಿಂಗಳುಗಟ್ಟಲೆ ಮನೆಯ ಮುಖ ನೋಡಲಿಲ್ಲ. ಜಪಾನ್‌ಗೆ ಹೋದದ್ದು ಶೀತಲೀಕರಿಸಿದ ಮೀನು ಸಾಗಿಸುವ ಸರಕು ವಿಮಾನದಲ್ಲಿ. ಮೊದಲ ಪಂದ್ಯದಲ್ಲೇ ಜಪಾನ್ ಎದುರು ತಡವರಿಸಿ 24-19. ಆಮೇಲೆ ಬಿಗಿಯಾದರು. ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು ಸೊನ್ನೆಗೆ ಕಟ್ಟಿಹಾಕಿ 19-0. ಜುಲೈ 28ರ ಫೈನಲ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 27-12. ಎರಡೂ ಚಿನ್ನದ ತಂಡದಲ್ಲಿದ್ದವರು ಟುವಾಯಿ ಒಬ್ಬರೇ. ಬಲವಂತದ ದೀರ್ಘ ಶಿಬಿರ ಆಟಗಾರರ ಸಂಸಾರಕ್ಕೆ ಶಿಕ್ಷೆ, ಕ್ಷಮತೆಗೆ ವರ. ಕೋಚ್ ಒಬ್ಬನಿಗೆ ಮಾಮೂಲಿ ವರ್ಷದಲ್ಲಿ ಸಿಗದಷ್ಟು ವಾರಗಳು ಬೇಬರ್‌ಗೆ ಸಿಕ್ಕವು.

2022ರಲ್ಲಿ ಬೆನ್ ಗೋಲಿಂಗ್ಸ್ ಕೋಚ್ ಆಗಿದ್ದಾಗ ಕೇಪ್‌ಟೌನ್‌ನಲ್ಲಿ ಮೂರನೇ ವಿಶ್ವಕಪ್, ನ್ಯೂಜಿಲೆಂಡ್ ವಿರುದ್ಧ 29-12. ಆದರೆ ಅದೇ ವರ್ಷ ನೆಲ ಅಲುಗಲೂ ಶುರುವಾಗಿತ್ತು. ಸೂಪರ್ ರಗ್ಬಿ ಲೀಗ್‌ಗೆ ಫಿಜಿಯನ್ ಡ್ರುವಾ ತಂಡ ಸೇರಿತು. ದೇಶ ಬಿಡದೆ ಹದಿನೈದು ಜನರ ಆಟದಲ್ಲಿ ಸಂಬಳ ಸಿಗುವಂತಾಯಿತು. ಆಟಗಾರನಿಗೂ ದೇಶದ ರಗ್ಬಿಗೂ ಇದು ಒಳ್ಳೆಯದೇ. ಸೆವೆನ್ಸ್ ಕೋಚ್‌ಗೆ ಮಾತ್ರ, ಮೊದಲು ವಿದೇಶಕ್ಕೆ ಹೋಗುವವರನ್ನಷ್ಟೇ ಕಳೆದುಕೊಳ್ಳುತ್ತಿದ್ದವನು ಈಗ ಊರಲ್ಲೇ ಇರುವವರನ್ನೂ ಕಳೆದುಕೊಳ್ಳುವ ಪರಿಸ್ಥಿತಿ. ಗೆಲುವುಗಳು ತೆಳುವಾದವು, ಗೋಲಿಂಗ್ಸ್ ಹೋದರು. ಪ್ಯಾರಿಸ್ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳಿರುವಾಗ ಆ ಜಾಗಕ್ಕೆ ಬಂದವರು ರಿಯೊದ ನಾಯಕ ಕೊಲಿನಿಸಾವು.

ಕಾಮನ್‌ವೆಲ್ತ್ ಚಿನ್ನ ಮಾತ್ರ ಈ ತಂಡಕ್ಕೆ ಇದುವರೆಗೂ ದಕ್ಕಿಲ್ಲ. 1998, 2002, 2018, 2022: ನಾಲ್ಕು ಫೈನಲ್, ನಾಲ್ಕು ಬೆಳ್ಳಿ.

2024ರ ಪ್ಯಾರಿಸ್‌ನಲ್ಲಿ ಗುಂಪಿನ ಹಂತದಲ್ಲಿ ಫ್ರಾನ್ಸ್ ವಿರುದ್ಧ 19-12ರಲ್ಲಿ ಗೆದ್ದ ಫಿಜಿ, ಜುಲೈ 27ರ ಫೈನಲ್‌ನಲ್ಲಿ ಅದೇ ಫ್ರಾನ್ಸ್‌ಗೆ 7-28ರಲ್ಲಿ ಸೋತಿತು. ಒಲಿಂಪಿಕ್ಸ್‌ನಲ್ಲಿ ಸತತ 17 ಪಂದ್ಯ ಗೆದ್ದ ಮೇಲೆ ಮೊದಲ ಸೋಲು. ವಿರಾಮಕ್ಕೆ 7-7 ಇತ್ತು. ಹದಿನೈದು ಜನರ ಆಟದ ತಾರೆ ಆಂಟ್ವಾನ್ ಡ್ಯೂಪಾಂ ಅವರನ್ನು ಫ್ರಾನ್ಸ್ ಮೊದಲ ಅವಧಿಯಲ್ಲಿ ಬೆಂಚಿನಲ್ಲೇ ಕೂರಿಸಿ, ಫಿಜಿಯವರ ಕಾಲು ಭಾರವಾಗುವ ಹೊತ್ತಿಗೆ ಇಳಿಸಿತು. ಬಂದವರೇ ಬದಿಯ ಗೆರೆಗುಂಟ ಸೀಳಿ ಒಂದು ಟ್ರೈಗೆ ದಾರಿ ಮಾಡಿಕೊಟ್ಟರು, ಕೊನೆಗೆ ತಾವೇ ಎರಡು ಮಾಡಿದರು. ಎರಡನೇ ಅವಧಿಯ ಲೆಕ್ಕ 21-0. ಡ್ಯೂಪಾಂ ಹಲವು ತಿಂಗಳು ಮೊದಲೇ ಹದಿನೈದು ಜನರ ತಂಡ ಬಿಟ್ಟು ಸೆವೆನ್ಸ್ ಸರಣಿಗೆ ಬಂದು ಮೈ ಹದಮಾಡಿಕೊಂಡಿದ್ದರು. 2016ರಲ್ಲಿ ಹೇನ್‌ಗೆ ಸಿಗದೇಹೋದದ್ದು ಆ ತಿಂಗಳುಗಳೇ.

ಈಗ ಸೆವೆನ್ಸ್ ಆಟಗಾರರ ಮಾರುಕಟ್ಟೆ ಇನ್ನೂ ಹರಡಿದೆ. 2025ರ ಜೂನ್‌ನಲ್ಲಿ ಮುಂಬೈನಲ್ಲಿ ನಡೆದ ಮೊದಲ ರಗ್ಬಿ ಪ್ರೀಮಿಯರ್ ಲೀಗ್‌ನ ಆರು ತಂಡಗಳಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಒಂದು. ಲೀಗ್‌ಗೆ ಬಂದ ವಿದೇಶಿ ಆಟಗಾರರಲ್ಲಿ ಫಿಜಿಯವರೂ ಇದ್ದರು. ಡ್ರುವಾ, ಫ್ರಾನ್ಸ್, ಈಗ ಮುಂಬೈ. ಸಿಗಟೋಕಾದ ಮರಳಿಗೆ ಯಾರನ್ನು, ಎಷ್ಟು ವಾರ ಕರೆತರಬಹುದು ಎಂಬುದನ್ನು ಫಿಜಿಯ ಕೋಚ್ ಇವರೆಲ್ಲರ ಕ್ಯಾಲೆಂಡರ್ ಮುಂದಿಟ್ಟುಕೊಂಡು ಗೊತ್ತುಮಾಡಬೇಕಾಗಿದೆ.